ಒಂದಕ್ಕೆ ಹೋಯಿತು

ಆರು ವರ್ಷ! ಒಂದಲ್ಲ, ಎರಡಲ್ಲ, ಆರು ವರ್ಷ ಒಂದೇ ಸೂರಿನಡಿ ಇದ್ದುಕೊಂಡು ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಬದುಕುವುದೆಂದರೆ ಅದಕ್ಕೂ ಒಂದು ಯೋಗ್ಯತೆ ಬೇಕು. ಆ ಯೋಗ್ಯತೆ ಈ ಅಕ್ಕ-ತಮ್ಮನಿಗೆ ಧಾರಾಳವಾಗಿ ಇತ್ತು. ಹಟದಲ್ಲಿ ಇವಳು ಹೆಚ್ಚೋ ಅವನು ಹೆಚ್ಚೋ ಎಂದು ತೂಗಲು ಕೂತರೆ ತಕ್ಕಡಿಯೇ ಮುರಿದೀತು. ಅಕ್ಕನಿಗೆ ಐವತ್ತೆರಡು, ತಮ್ಮನಿಗೆ ನಲವತ್ತೆಂಟು. ವಯಸ್ಸಾದ ಹಾಗೆ ಬುದ್ಧಿ ಬರುತ್ತದೆ ಅಂತಾರಲ್ಲ, ಎಲ್ಲರಿಗೂ ಬರುವುದಿಲ್ಲ ಬಿಡಿ.

ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಅಂಗಿಯ ಮೈ ಯಾರೋ ಹೊಲಿಯುತ್ತಾರೆ, ತೋಳು ಯಾರೋ ಕೂರಿಸುತ್ತಾರೆ, ಕಾಲರ್ ಮಾತ್ರ ಅವಳದ್ದು. ತಮ್ಮ ಮೂರು ಬೀದಿ ಆಚೆಯ ಬೇಕರಿಯಲ್ಲಿ ಓವನ್ ನೋಡಿಕೊಳ್ಳುವವನು. ಅವಳು ಬೆಳಿಗ್ಗೆ ಏಳಕ್ಕೆ ಮನೆ ಬಿಡುವಾಗ ಅವನು ಗೊರಕೆ ಹೊಡೆಯುತ್ತಿರುತ್ತಾನೆ. ಅವನು ಮಧ್ಯಾಹ್ನ ಮೂರಕ್ಕೆ ಹೊರಟು ರಾತ್ರಿ ಹನ್ನೊಂದಕ್ಕೆ ಬರುವಾಗ ಅವಳು ಮಲಗಿರುತ್ತಾಳೆ. ಮದುವೆ ಅವಳಿಗೆ ಆಗಲಿಲ್ಲ, ಅವನಿಗೆ ಆಗಿ ನಿಲ್ಲಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು, ಅಷ್ಟರಲ್ಲೇ ಇಬ್ಬರೂ ಮುಖಕ್ಕೆ ಮುಖ ಸಿಗದ ಹಾಗೆ ಓಡಾಡುವುದನ್ನು ಕಲಿತಿದ್ದರು.

ಜಗಳಕ್ಕೆ ಕಾರಣ ಆಸ್ತಿಯೂ ಅಲ್ಲ, ಪಾಸ್ತಿಯೂ ಅಲ್ಲ, ಒಂದು ಮಾತು. ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ಅವಳನ್ನು ನೋಡಿಕೊಂಡವಳು ಅಕ್ಕ. ಮಾತ್ರೆ, ಊಟ, ಸ್ನಾನ, ಬಟ್ಟೆ ಎಲ್ಲ ಅವಳೇ. ಅಮ್ಮ ತೀರಿಕೊಂಡ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತಮ್ಮ, ದುಃಖದಲ್ಲೋ ಸಿಟ್ಟಿನಲ್ಲೋ, "ನೀನು ಸರಿಯಾಗಿ ನೋಡ್ಕೊಂಡಿದ್ರೆ ಅಮ್ಮ ಹೋಗ್ತಿರ್ಲಿಲ್ಲ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. "ಇನ್ನು ಸಾಯೋವರೆಗೂ ನನ್ನ ಹತ್ರ ಮಾತಾಡ್ಬೇಡ" ಎಂದಳು. ಹುಟ್ಟಿದಾಗಿನಿಂದ ಅಕ್ಕ ಹೇಳಿದ ಒಂದು ಮಾತನ್ನೂ ಕೇಳದ ತಮ್ಮ ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ.

ಎರಡು ವರ್ಷ ಹಾಗೇ ಕಳೆಯಿತು. ಆಮೇಲೆ ಒಂದು ದಿನ ಬೇಕರಿಯ ಖಾಲಿ ಚೀಲದಲ್ಲಿ ಸಿಕ್ಕ ಬೆಕ್ಕಿನ ಮರಿಯೊಂದನ್ನು ತಮ್ಮ ತಂದು ಅಡುಗೆಮನೆಯಲ್ಲಿ ಬಿಟ್ಟ. ಬಾಯಿ ಬಿಟ್ಟು ಹೇಳುವ ಹಾಗಿಲ್ಲವಲ್ಲ! ಅಮ್ಮನ ಮಾತ್ರೆಯ ಹೊತ್ತು ಬರೆಯಲೆಂದು ತಂದ ಸ್ಲೇಟು ಬಾಗಿಲ ಪಕ್ಕ ಮೊಳೆಗೆ ನೇತಾಡುತ್ತಿತ್ತು. ಅದರ ಮೇಲೆ ಬರೆದ: "ಇದು ಇನ್ನು ಇಲ್ಲೇ ಇರುತ್ತದೆ." ಅಕ್ಕ ಅದರ ಕೆಳಗೆ ಬರೆದಳು: "ಅದರ ಹೇಲು ಉಚ್ಚೆ ಯಾರು ಬಾಚುವುದು?" ಮರುದಿನ ಉತ್ತರ ಬಂತು: "ಊಟ ನನ್ನದು. ಟ್ರೇ ನಿನ್ನದು."

ಎಂಥಾ ನ್ಯಾಯ ನೋಡಿ! ಒಳಗೆ ಹೋಗುವುದು ಇವನ ಪಾಲು, ಹೊರಗೆ ಬರುವುದು ಅವಳ ಪಾಲು. ಅಕ್ಕ ಗೊಣಗುತ್ತಲೇ ಒಪ್ಪಿದಳು. ಬಚ್ಚಲಿನ ಮೂಲೆಯಲ್ಲಿ ಮರಳು ತುಂಬಿದ ಟ್ರೇ ಕೂತಿತು. ದಿನಕ್ಕೊಮ್ಮೆ ಅವಳು ಅದನ್ನು ಬಾಚಿ, ತೊಳೆದು, ಹೊಸ ಮರಳು ಹಾಕುವುದು ಎಂದಾಯಿತು.

ಮರಿ ಬೆಳೆದು ಗಡವ ಆಯಿತು. ಮೈಯೆಲ್ಲ ಕಪ್ಪು, ಎದೆ ಮಾತ್ರ ಬಿಳಿ, ಕರೀ ಕೋಟಿನೊಳಗೆ ಇಸ್ತ್ರಿ ಅಂಗಿ ತೊಟ್ಟವನ ಹಾಗೆ. ಮುಂಗಾಲು ಮಡಚಿ ಕಾಗದದ ಮೇಲೆ ಕೂತರೆ ಕಚೇರಿಯೇ ತನ್ನದು ಎಂಬ ಗತ್ತು. ಅಕ್ಕ ಅವನಿಗೆ ಗುಮಾಸ್ತ ಎಂದು ಹೆಸರಿಟ್ಟಳು. ಸ್ಲೇಟಿನ ಮೇಲೆ ತಮ್ಮನೂ ಗುಮಾಸ್ತ ಎಂದೇ ಬರೆಯತೊಡಗಿದ.

ಅಂದಿನಿಂದ ಸ್ಲೇಟಿನ ಮೇಲೆ ಗುಮಾಸ್ತನ ವಿಷಯ ಬಿಟ್ಟು ಬೇರೆ ಏನೂ ಬರೆಯಬಾರದೆಂದು, ಯಾರೂ ಹೇಳದೆಯೇ, ಒಂದು ಕಾನೂನು ಆಯಿತು. ಆದರೆ ಜನ ಕಾನೂನಿಗೆ ಸಂದಿ ಹುಡುಕದೆ ಇರುತ್ತಾರೆಯೇ? ತಮ್ಮನಿಗೆ ಕೆಮ್ಮು ಹತ್ತಿದ ವಾರ ಅಕ್ಕ ಬರೆದಳು: "ಗುಮಾಸ್ತ ಕೆಮ್ಮುತ್ತಿದ್ದಾನೆ. ಔಷಧಿ ಕಪಾಟಿನ ಮೇಲಿನ ಅರೆಯಲ್ಲಿದೆ." ಬೆಕ್ಕು ಗುಂಡುಕಲ್ಲಿನ ಹಾಗಿತ್ತು. ಔಷಧಿಯ ಶೀಸೆ ನಾಲ್ಕು ದಿನಕ್ಕೆ ಖಾಲಿಯಾಯಿತು. ಇನ್ನೊಮ್ಮೆ ತಮ್ಮ ಬರೆದ: "ಗುಮಾಸ್ತನಿಗೆ ಸಿಹಿ ಬನ್ ಸೇರಲಿಲ್ಲ. ಎರಡು ಉಳಿದಿವೆ." ಬೆಕ್ಕಿಗೆ ಸಿಹಿ ಬನ್ ಯಾವ ಜನ್ಮದಲ್ಲಿ ಸೇರುತ್ತದೆ? ಅಕ್ಕನಿಗೆ ಚಿಕ್ಕಂದಿನಿಂದ ಪ್ರಾಣ ಅದು. ತಿಂದಳು, ಚೂರು ಒರೆಸಿದಳು, ಏನೂ ಬರೆಯಲಿಲ್ಲ.

ಇಷ್ಟಾದರೂ ಟ್ರೇಯ ವಿಷಯದಲ್ಲಿ ಅವಳಿಗೆ ಒಳಗೊಳಗೇ ಹೊಟ್ಟೆಯುರಿ ಇತ್ತು. ಎರಡು ವರ್ಷದ ಹಿಂದೆ, ಸೊಂಟ ಹಿಡಿದುಕೊಂಡಿದ್ದಾಗ, "ಒಂದು ದಿನವಾದರೂ ನೀನು ತೊಳೆ" ಎಂದು ಬರೆದಿದ್ದಳು. ತಮ್ಮ ಅದನ್ನು ಅಳಿಸಿ ಕೆಳಗೆ ಬರೆದದ್ದು: "ಮೀನು ಮುಗಿಯಿತು. ತರುತ್ತೇನೆ." ಅಯ್ಯೋ ನಿನ್ನ, ಎಂದುಕೊಂಡಿದ್ದಳು ಅಕ್ಕ. ತೊಳೆಯಬೇಕಾದದ್ದು ಟ್ರೇ ಒಂದೇ ಆಗಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅಮ್ಮನ ಬಟ್ಟೆಯನ್ನೂ ಅವನು ಒಂದು ದಿನ ತೊಳೆದವನಲ್ಲ. ತೊಳೆಯದವನು ಬಂದು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂದನಲ್ಲ, ಅದು ಅವಳ ಕರುಳಿನಲ್ಲಿ ಕೂತಿತ್ತು. ಅವನು ಒಂದೇ ಒಂದು ಸಲ ಆ ಟ್ರೇ ತೊಳೆದುಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಇದನ್ನು ಅವನಿಗೆ ಹೇಳುವವರು ಯಾರು?

ಶಾಲೆಗಳು ತೆರೆಯುವ ಮುಂಚಿನ ವಾರ ಅಕ್ಕನ ಕಾರ್ಖಾನೆಯಲ್ಲಿ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಆ ವಾರ ಅವಳು ಬೆಳಿಗ್ಗೆ ಆರೂವರೆಗೇ ಹೊರಟು, ರಾತ್ರಿ ಒಂಬತ್ತಕ್ಕೆ ಕಣ್ಣು ಕಿರಿದು ಮಾಡಿಕೊಂಡು ಮನೆ ಸೇರುತ್ತಿದ್ದಳು. ಟ್ರೇ ಬಾಚುವುದನ್ನೂ ರಾತ್ರಿಗೇ ಇಟ್ಟುಕೊಂಡಳು.

ಸೋಮವಾರ ಬಂದು ನೋಡುತ್ತಾಳೆ, ಸ್ಲೇಟಿನ ಮೇಲೆ ತಮ್ಮನ ದಪ್ಪ ಅಕ್ಷರ: "ಗುಮಾಸ್ತ ಒಂದಕ್ಕೆ ಆರು ಸಲ ಹೋಯಿತು." ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ಒಂದಕ್ಕೆ, ಎರಡಕ್ಕೆ ಎಂಬುದು ಅಮ್ಮ ಕಲಿಸಿದ ಮರ್ಯಾದೆಯ ಮಾತು, ಐವತ್ತು ದಾಟಿದರೂ ಮನೆಯಲ್ಲಿ ಅದೇ ನಡೆಯುತ್ತಿತ್ತು. ಆರು ಸಲವಂತೆ! ಬಾಚುವವಳು ಇದ್ದಾಳಲ್ಲ, ಅರವತ್ತು ಸಲ ಹೋಗಲಿ ಎಂದು ಬೈದುಕೊಳ್ಳುತ್ತಾ ಅಕ್ಕ ತೋಳು ಮಡಚಿ ಬಚ್ಚಲಿಗೆ ಹೋದಳು.

ಟ್ರೇ ಒಣಗಿತ್ತು. ಒಂದು ಉಂಡೆಯಿಲ್ಲ, ಒಂದು ಒದ್ದೆ ಕಲೆಯಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ಮರಳನ್ನು ಆಗಷ್ಟೇ ಹಾಕಿ ಕೈಯಾಡಿಸಿದ ಹಾಗಿತ್ತು.

ಅಕ್ಕ ಕೈಯಲ್ಲಿ ಬಾಚುವ ಚಮಚ ಹಿಡಿದು ಹಾಗೇ ನಿಂತಳು. ಆರು ಸಲ ಹೋಗಿದೆ, ಟ್ರೇ ಒಣಗಿದೆ. ಹಾಗಾದರೆ? ಹಾಗಾದರೆ ಇವನು ತೊಳೆದಿದ್ದಾನೆ! ಆರು ಸಲ ಹೋಯಿತು, ಆರು ಸಲವೂ ನಾನೇ ಬಾಚಿದೆ ಅಂತ ಕೊಚ್ಚಿಕೊಳ್ಳಲು ಎರಡು ಗೆರೆ ಎಳೆದಿದ್ದಾನೆ! ಅವಳಿಗೆ ನಗು ಬಂತು. ಬಚ್ಚಲಿನಲ್ಲಿ ಒಬ್ಬಳೇ ನಿಂತು, ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿ, ಹುಚ್ಚಿಯ ಹಾಗೆ ನಕ್ಕಳು. ಆಮೇಲೆ ಬಂದು ಅವನ ಎರಡು ಗೆರೆಯ ಕೆಳಗೆ ಒಂದೇ ಪದ ಬರೆದಳು: "ಸಂತೋಷ."

ಆ ರಾತ್ರಿ ಗುಮಾಸ್ತ ಅವಳ ಕಾಲ ಬುಡಕ್ಕೆ ಬಂದು ಮಲಗಲಿಲ್ಲ. ತಮ್ಮನ ಕೋಣೆ ಸೇರಿರಬೇಕು, ಇರಲಿ, ತೊಳೆದವನ ಹತ್ತಿರ ಒಂದು ದಿನ ಮಲಗಲಿ ಎಂದುಕೊಂಡಳು.

ಮಂಗಳವಾರ ಸ್ಲೇಟು ಹೇಳಿತು: "ಒಂದಕ್ಕೆ ಹನ್ನೊಂದು ಸಲ ಹೋಯಿತು. ಊಟ ಬಿಟ್ಟ." ಟ್ರೇ ಮತ್ತೆ ಒಣಗಿತ್ತು. ಸೆಖೆಗೆ ನೀರು ಹೆಚ್ಚು ಕುಡಿದಿದ್ದಾನೆ, ಸೆಖೆಗೇ ಊಟ ಬಿಟ್ಟಿದ್ದಾನೆ ಎಂದು ಅವಳ ಲೆಕ್ಕ. ಹನ್ನೊಂದು ಸಲ ಬಾಚಿದ ತಮ್ಮನಿಗೆ ಏನಾದರೂ ಮಾಡಬೇಕಲ್ಲ! ಹಗ್ಗಕ್ಕೆ ನೇತುಹಾಕಿದ್ದ ಅವನ ನೀಲಿ ಅಂಗಿಯ ಎದೆಯ ಗುಂಡಿ ಯಾವ ಕಾಲದಲ್ಲೋ ಬಿದ್ದುಹೋಗಿ, ಅಲ್ಲಿ ಪಿನ್ನು ಕೂತಿತ್ತು. ಅಂಗಿ ತೆಗೆದುಕೊಂಡು ಮನೆಯ ಹೊಲಿಗೆ ಯಂತ್ರದ ಮುಂದೆ ಕೂತಳು. ಗುಂಡಿ ಹಾಕಿದಳು, ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಕೂರಿಸಿದಳು. ಮೈಯೆಲ್ಲ ನೋಯುತ್ತಿತ್ತು, ಆದರೂ ಆ ಹದಿನೈದು ನಿಮಿಷ ಅವಳಿಗೆ ಹಿತವಾಗಿತ್ತು.

ಗುಮಾಸ್ತ ಯಂತ್ರದ ಪೆಡಲಿನ ಪಕ್ಕದಲ್ಲೇ ಮುದುಡಿಕೊಂಡಿದ್ದ. ಕಾಲು ಎತ್ತಿ ಅಡಿಯಲ್ಲಿ ನೆಕ್ಕಿಕೊಂಡ, ಸುಮ್ಮನಾದ, ಮತ್ತೆ ನೆಕ್ಕಿಕೊಂಡ. "ಏನೋ ಗುಮಾಸ್ತ, ನಿನಗೂ ಓವರ್‌ಟೈಮಾ?" ಎಂದಳು. ಅವನು ಕಣ್ಣು ಅರ್ಧ ತೆರೆದು ಮುಚ್ಚಿದ. ಅವಳು ದೀಪ ಆರಿಸಿ ಹೋಗಿ ಮಲಗಿದಳು. ಈ ಒಂದು ಗಳಿಗೆಗಾಗಿ ಅವಳು ಆಮೇಲೆ ಎಷ್ಟು ಸಲ ತನ್ನ ತಲೆ ಚಚ್ಚಿಕೊಂಡಳೋ ಲೆಕ್ಕವಿಲ್ಲ.

ಬುಧವಾರ ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಒಂದು ಕೂಗು. ಬೆಕ್ಕು ಹಾಗೆ ಕೂಗುವುದನ್ನು ಅವಳು ಕೇಳಿರಲಿಲ್ಲ, ಯಾರೋ ಮನುಷ್ಯರು ನರಳಿದ ಹಾಗಿತ್ತು. ಗುಮಾಸ್ತ ಟ್ರೇಯೊಳಗೆ ಅಡ್ಡ ಬಿದ್ದಿದ್ದ. ಎತ್ತಿಕೊಂಡಾಗ ಹೊಟ್ಟೆಯೊಳಗೆ ಚೆಂಡಿನಂಥದು ಗಟ್ಟಿಯಾಗಿ ಕೈಗೆ ತಗುಲಿತು. ಕಾಲುಗಳು ತಣ್ಣಗಿದ್ದವು. ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ ಖಾಲಿ ಮಾಡಿ, ಅದರೊಳಗೆ ಟವೆಲ್ ಹಾಸಿ ಅವನನ್ನು ಇಟ್ಟಳು. ತಮ್ಮನ ಕೋಣೆಯ ಬಾಗಿಲ ತನಕ ಹೋದಳು. ಬಡಿಯಲು ಕೈ ಎತ್ತಿದಳು. ಎತ್ತಿದ ಕೈ ಬಾಗಿಲಿಗೆ ತಾಗಲಿಲ್ಲ ನೋಡಿ! ಇವರ ಹಟಕ್ಕಿಷ್ಟು ಬೆಂಕಿ ಬೀಳಲಿ. ಓಡಿ ಬಂದು ಸ್ಲೇಟಿನ ಮೇಲೆ "ಡಾಕ್ಟರ ಹತ್ತಿರ ಹೋಗಿದ್ದೇನೆ" ಎಂದು ಗೀಚಿ, ಬುಟ್ಟಿ ಅಪ್ಪಿಕೊಂಡು ಬೀದಿಗೆ ಇಳಿದಳು.

ಪಶುವೈದ್ಯೆ ಸಣ್ಣ ಮೈಕಟ್ಟಿನ, ಗಡಸು ದನಿಯ ಹೆಂಗಸು. ಗುಮಾಸ್ತನ ಹೊಟ್ಟೆ ಮುಟ್ಟುತ್ತಲೇ ಅವಳ ಮುಖ ಬದಲಾಯಿತು.

"ಎಷ್ಟು ದಿನ ಆಯ್ತಮ್ಮ ಒಂದಕ್ಕೆ ಹೋಗದೆ?"

"ಹೋಗದೆ? ಇಲ್ಲ ಡಾಕ್ಟ್ರೇ, ಹೋಗ್ತಾ ಇದೆ. ನಿನ್ನೆ ಹನ್ನೊಂದು ಸಲ ಹೋಗಿದೆ. ಮೊನ್ನೆ ಆರು ಸಲ."

"ನೀವು ನೋಡಿದ್ರಾ?"

"ನಮ್ಮ ತಮ್ಮ ನೋಡಿದ್ದಾನೆ. ಬರೆದಿಟ್ಟಿದ್ದಾನೆ."

"ಟ್ರೇ ಒದ್ದೆ ಇತ್ತಾ?"

ಅಕ್ಕ ಬುಟ್ಟಿಯಲ್ಲಿದ್ದ ಒಣ ಟವೆಲನ್ನು ನೋಡಿದಳು.

"ಹೋಗಿದ್ದು ಬೇರೆ ಅಮ್ಮ, ಬಂದಿದ್ದು ಬೇರೆ," ಎಂದಳು ಡಾಕ್ಟರಮ್ಮ, ಕೈಗೆ ಗ್ಲೌಸು ಏರಿಸುತ್ತಾ. "ಗಂಡು ಬೆಕ್ಕಿಗೆ ಮೂತ್ರದ ನಾಳ ತುಂಬಾ ಸಣ್ಣ. ಮರಳಿನಂಥ ಹರಳು ಬಂದು ಅಡ್ಡ ಕೂತ್ಕೊಂಡ್ರೆ ಮುಗೀತು, ಒಂದು ಹನಿ ಹೊರಗೆ ಬರಲ್ಲ. ಪಾಪ, ಹೋಗುತ್ತೆ, ಕೂರುತ್ತೆ, ತಿಣುಕುತ್ತೆ, ಏನೂ ಬರಲ್ಲ. ಎದ್ದು ಬಂದು ಮತ್ತೆ ಹೋಗುತ್ತೆ. ನೋಡಿದವರು ಮಲಬದ್ಧತೆ ಅಂದ್ಕೋತಾರೆ, ಇಲ್ಲ ಜಾಸ್ತಿ ಹೋಗ್ತಿದೆ ಅಂದ್ಕೋತಾರೆ. ಹೊರಗೆ ಹೋಗ್ಬೇಕಾದ ವಿಷ ಎಲ್ಲ ರಕ್ತಕ್ಕೆ ಸೇರಿದೆ. ಮೊನ್ನೆನೇ ಬಂದಿದ್ರೆ..."

ಅವಳು ಅಲ್ಲಿಗೇ ನಿಲ್ಲಿಸಿದಳು. ಒಳ್ಳೆಯ ಹೆಂಗಸು, ಪೂರ್ತಿ ಹೇಳಲಿಲ್ಲ. ಆದರೆ ಅಕ್ಕನಿಗೆ ಪೂರ್ತಿ ಕೇಳಿಸಿತ್ತು. ಟ್ರೇ ಒಣಗಿದ್ದು ತಮ್ಮ ತೊಳೆದದ್ದಕ್ಕಲ್ಲ. ತಮ್ಮ ಯಾವತ್ತೂ ತೊಳೆಯಲಿಲ್ಲ. ಒಣ ಮರಳನ್ನು ನೋಡಿ ತಾನು ನಕ್ಕದ್ದು, "ಸಂತೋಷ" ಎಂದು ಬರೆದದ್ದು ಅವಳಿಗೆ ನೆನಪಾಯಿತು. ಗೋಡೆಗೆ ಒರಗಿ ಕೂತುಬಿಟ್ಟಳು.

ಹತ್ತು ಗಂಟೆಗೆ ತಮ್ಮ ಏದುಸಿರು ಬಿಡುತ್ತಾ ಬಂದ. ಒಂದು ಕಾಲಿಗೆ ಅವನ ಚಪ್ಪಲಿ, ಇನ್ನೊಂದಕ್ಕೆ ಅಕ್ಕನ ಚಪ್ಪಲಿ. ಮೈಮೇಲೆ ಅದೇ ನೀಲಿ ಅಂಗಿ. ಕಾಯುವ ಕೋಣೆಯಲ್ಲಿ ಮೂರು ಕುರ್ಚಿ. ಅವಳು ಈ ತುದಿ, ಅವನು ಆ ತುದಿ, ನಡುವಿನ ಕುರ್ಚಿ ಖಾಲಿ. ಗುಮಾಸ್ತನಿಗೆ ಮದ್ದು ಕೊಟ್ಟು, ಸಣ್ಣ ಟ್ಯೂಬು ತೂರಿಸಿ, ಕಟ್ಟಿಕೊಂಡಿದ್ದನ್ನು ಇಳಿಸಿ ಡಾಕ್ಟರಮ್ಮ ಹೊರಬಂದಾಗ ಗಂಟೆ ಹನ್ನೊಂದೂವರೆ.

"ಡಾಕ್ಟ್ರೇ, ನಮ್ಮಕ್ಕನ್ನ ಕೇಳಿ," ಎಂದ ತಮ್ಮ ಎದ್ದು ನಿಂತು. "ಆರು ಸಲ ಹೋಯ್ತು ಅಂತ ನಾನು ಗೆರೆ ಎಳೆದು ಬರೆದಿದ್ದೆ. ಅಷ್ಟೊಂದು ಸಲ ಹೋಗೋದು ಸರಿ ಇಲ್ಲ ಅನ್ನಿಸಿ ಬರೆದಿದ್ದೆ. ಅವಳು ಅದರ ಕೆಳಗೆ 'ಸಂತೋಷ' ಅಂತ ಬರೀತಾಳೆ. ಟ್ರೇ ನೋಡೋಳು ಅವಳು. ಅವಳಿಗೆ ಗೊತ್ತಿರುತ್ತೆ ಅಂತ ನಾನು ಸುಮ್ಮನಾದೆ. ಏನು ಸಂತೋಷ ಅಂತ ಕೇಳಿ ಡಾಕ್ಟ್ರೇ."

"ಡಾಕ್ಟ್ರೇ, ಅವನಿಗೆ ಸುಮ್ನಿರೋಕೆ ಹೇಳಿ," ಎಂದಳು ಅಕ್ಕ ನೆಲ ನೋಡುತ್ತಾ.

"ನಾನೇನು ನಿಮ್ಮಿಬ್ಬರ ಟಪಾಲು ಪೆಟ್ಟಿಗೆನಾ?" ಡಾಕ್ಟರಮ್ಮ ರೇಗಿದಳು. "ಇಲ್ಲಿ ಕೇಳಿ, ಇಬ್ಬರೂ ಕೇಳಿ. ಒಳಗೆ ಇದ್ದಿದ್ದನ್ನ ಇಳಿಸಿದ್ದೀನಿ. ಆದ್ರೆ ಅದು ಹಳೇದು. ಕಿಡ್ನಿ ಸುಸ್ತಾಗಿ ನಿಂತುಬಿಟ್ಟಿದೆ, ಅದು ಮತ್ತೆ ಕೆಲಸ ಶುರು ಮಾಡ್ಬೇಕು. ಹೊಸದಾಗಿ ಒಂದಕ್ಕೆ ಹೋಗ್ಬೇಕು. ಸಂಜೆಯೊಳಗೆ ಹೋದ್ರೆ ಉಳಿದ ಅಂತ ತಿಳ್ಕೊಳ್ಳಿ. ಹೋಗ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ಆಮೇಲೆ ಮೂರು ಗಂಟೆಯ ತನಕ ಇಬ್ಬರೂ ಆ ಖಾಲಿ ಕುರ್ಚಿಯ ಆಚೆಈಚೆ ಕೂತಿದ್ದರು. ಗೋಡೆಯ ಮೇಲೆ ನಾಯಿಯ ಹಲ್ಲಿನ ಚಿತ್ರ, ಮೂಲೆಯಲ್ಲಿ ತೂಕದ ಯಂತ್ರ. ಏನು ಸಂತೋಷ ಎಂಬ ಪ್ರಶ್ನೆಗೆ ಅಕ್ಕನಲ್ಲಿ ಉತ್ತರವಿತ್ತು, ಹೇಳಲು ಮುಖವಿರಲಿಲ್ಲ. ನೀನು ಟ್ರೇ ತೊಳೆದೆ ಅಂದುಕೊಂಡು ಸಂತೋಷಪಟ್ಟೆ ಎನ್ನುವುದೆಂದರೆ ಆರು ವರ್ಷ ತಾನು ಕಾದದ್ದು ಅಷ್ಟಕ್ಕೇ ಎಂದು ಒಪ್ಪಿಕೊಂಡಂತೆ. ಇನ್ನೊಂದು ಭಯವೂ ಅವಳನ್ನು ಹಿಂಡುತ್ತಿತ್ತು. ಗುಮಾಸ್ತ ಹೋದರೆ ಆ ಸ್ಲೇಟಿನ ಮೇಲೆ ಬರೆಯಲು ಏನಿರುತ್ತದೆ? ಒಂದು ಕೆಮ್ಮಿಗೆ, ಒಂದು ಸಿಹಿ ಬನ್ನಿಗೆ ಇನ್ನು ಯಾರ ಹೆಸರು ಹೇಳುವುದು? ದೇವರೇ, ಒಂದು ತೊಟ್ಟು ಬರಲಿ, ಒಂದು ಚಮಚ ಬರಲಿ ಎಂದು ಅವಳು ಬೇಡಿಕೊಂಡಳು. ಬೆಕ್ಕಿನ ಉಚ್ಚೆಗೆ ಹರಕೆ ಹೊತ್ತವಳು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಮೂರಕ್ಕೆ ತಮ್ಮ ಎದ್ದ. ಅವನು ಹೋಗದಿದ್ದರೆ ಓವನ್ ಹಚ್ಚುವವರಿಲ್ಲ. ಬಾಗಿಲಲ್ಲಿ ನಿಂತು, ಡಾಕ್ಟರಮ್ಮನನ್ನು ನೋಡುತ್ತಾ, ಅಕ್ಕನಿಗೆ ಕೇಳಲೆಂದೇ ಹೇಳಿದ: "ಹೋದ ತಕ್ಷಣ ಬೇಕರಿಗೆ ತಿಳಿಸಿ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ಒಂದಕ್ಕೆ ಹೋಯ್ತು ಅಂದ್ರೆ ಸಾಕು."

ಅವನು ಹೋದ ಮೇಲೆ ಡಾಕ್ಟರಮ್ಮ ಅಕ್ಕನನ್ನು ಒಳಗೆ ಕೂರಲು ಬಿಟ್ಟಳು. ಗುಮಾಸ್ತ ಉಕ್ಕಿನ ಮೇಜಿನ ಮೇಲೆ ಟವೆಲಿನಲ್ಲಿ ಮಲಗಿದ್ದ. ಟ್ಯೂಬಿನ ತುದಿಗೆ ಕಟ್ಟಿದ ಸಣ್ಣ ಚೀಲ ಖಾಲಿ. ಅಕ್ಕ ಆ ಚೀಲವನ್ನೇ ನೋಡುತ್ತಾ ಅವನ ಬಿಳಿ ಎದೆ ಸವರುತ್ತಿದ್ದಳು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಒಮ್ಮೆ ಅವನು ತಲೆ ಎತ್ತಿ ಅವಳ ಹೆಬ್ಬೆರಳನ್ನು ನೆಕ್ಕಿದ. ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಎದೆಯ ಏರಿಳಿತ ನಿಧಾನವಾಯಿತು. ಡಾಕ್ಟರಮ್ಮ ಓಡಿ ಬಂದು ಸೂಜಿ ಚುಚ್ಚಿದಳು, ಎರಡು ಬೆರಳಿನಿಂದ ಎದೆ ಒತ್ತಿದಳು, ಒತ್ತುತ್ತಲೇ ಇದ್ದಳು. ಆಮೇಲೆ ಕೈ ತೆಗೆದಳು. ಚೀಲ ಕೊನೆಯವರೆಗೂ ಖಾಲಿಯೇ ಇತ್ತು.

"ನಾನು ಬೇಕರಿಗೆ ಫೋನ್ ಮಾಡ್ತೀನಿ," ಎಂದಳು ಡಾಕ್ಟರಮ್ಮ ಮೆಲ್ಲಗೆ.

"ಬೇಡ," ಎಂದಳು ಅಕ್ಕ. "ನಾನೇ ಹೋಗ್ತೀನಿ."

ಗುಮಾಸ್ತನನ್ನು ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಟವೆಲು ಹೊದಿಸಿ, ಅವಳು ನಡೆದಳು. ಶಾಲೆಯ ಚೀಲ, ಹೊಸ ಬೂಟು ಕೊಳ್ಳುವವರಿಂದ ಬೀದಿ ತುಂಬಿತ್ತು. ಆರು ವರ್ಷದಲ್ಲಿ ಅವಳು ಆ ಬೇಕರಿಯ ಮುಂದೆಯೂ ಹಾದುಹೋಗಿರಲಿಲ್ಲ, ಸುತ್ತು ಹಾಕಿಕೊಂಡು ಇನ್ನೊಂದು ಬೀದಿಯಲ್ಲಿ ಓಡಾಡುತ್ತಿದ್ದಳು. ಇಂದು ಕೌಂಟರಿನಾಕೆ ತಡೆಯುವ ಮೊದಲೇ ಹಲಗೆ ಎತ್ತಿ ಒಳಗೆ ನುಗ್ಗಿದಳು.

ಒಳಗೆ ಹಿಟ್ಟು ಕಲಸುವ ಯಂತ್ರ ಗಡಗಡ ಎನ್ನುತ್ತಿತ್ತು. ತಮ್ಮ ಓವನಿನ ಬಾಗಿಲು ತೆರೆದು ಉದ್ದನೆಯ ಸಲಿಕೆಯಿಂದ ಬ್ರೆಡ್ಡು ಎಳೆಯುತ್ತಿದ್ದ. ತಿರುಗಿ ಅಕ್ಕನನ್ನು ನೋಡಿದ, ಬುಟ್ಟಿಯನ್ನು ನೋಡಿದ, ಸಲಿಕೆ ಹಿಡಿದೇ ನಿಂತ.

ಆರು ವರ್ಷದ ಮೇಲೆ ತಮ್ಮನಿಗೆ ಆಡುವ ಮೊದಲ ಮಾತು. ದಾರಿಯುದ್ದಕ್ಕೂ ಅವಳು ಜೋಡಿಸಿಕೊಂಡು ಬಂದಿದ್ದಳು. ಆದರೆ "ಜೀವ" ಎಂದದ್ದು ಯಂತ್ರದ ಸದ್ದಿನಲ್ಲಿ ಮುಳುಗಿತು. "ಹೋಯ್ತು" ಎಂಬುದು ಮಾತ್ರ ಕೇಳಿಸಿತು.

"ಹೋಯ್ತಾ?" ತಮ್ಮನ ಮುಖ ಅರಳಿಬಿಟ್ಟಿತು. "ಒಂದಕ್ಕೆ ಹೋಯ್ತಾ? ಹೋಯ್ತಾ ಅಕ್ಕಾ?" ಸಲಿಕೆ ಎಸೆದು, ಹಿಟ್ಟು ಕಲಸುವವನ ಕಡೆ ತಿರುಗಿ ಕೂಗಿದ: "ಏ, ಹೋಯ್ತಂತೆ ಕಣ್ರೋ! ನಮ್ಮ ಗುಮಾಸ್ತ ಉಳ್ಕೊಂಡ!" ಅವನು ಮಧ್ಯಾಹ್ನದಿಂದ ಅವರ ಪ್ರಾಣ ತಿಂದಿರಬೇಕು, ಹಿಟ್ಟು ಕಲಸುವವನು ಬಿಳಿ ಕೈಗಳನ್ನು ಮೇಲೆತ್ತಿ ಚಪ್ಪಾಳೆ ತಟ್ಟಿದ. ಕೌಂಟರಿನಾಕೆ ಇಣುಕಿ ನಕ್ಕಳು. ತಮ್ಮ ಅಂಗಿಗೆ ಕೈ ಒರೆಸಿಕೊಂಡು, ಹಲ್ಲು ಕಾಣಿಸುವ ಹಾಗೆ ನಗುತ್ತಾ ಬುಟ್ಟಿಯ ಹತ್ತಿರ ಬಂದ. "ಮನೆಗೇ ಕಳಿಸಿಬಿಟ್ರಾ? ಎಲ್ಲಿ, ಎಲ್ಲಿ ನನ್ನ ಸಾಹೇಬ..."

ಅವನ ಕೈ ಟವೆಲಿಗೆ ತಾಗುವ ಮೊದಲೇ ಅಕ್ಕ ಆ ಕೈಯನ್ನು ಹಿಡಿದುಕೊಂಡಳು.

"ಅಲ್ವೋ," ಎಂದಳು. "ಒಂದಕ್ಕಲ್ಲ. ಗುಮಾಸ್ತ ಹೋದ."

ಯಾರೋ ಯಂತ್ರ ನಿಲ್ಲಿಸಿದರು. ತಮ್ಮನ ಬಾಯಿ ನಗುವಿನಲ್ಲೇ ಇತ್ತು, ಕಣ್ಣಿಗೆ ಮಾತ್ರ ಸುದ್ದಿ ಮುಟ್ಟಿತ್ತು. ಅವನು ಹಿಟ್ಟಿನ ಚೀಲದ ಮೇಲೆ ಕುಸಿದು ಕೂತ. ಅಕ್ಕ ಬುಟ್ಟಿಯನ್ನು ಅವನ ಕಾಲ ಬಳಿ ಇಟ್ಟಳು. ತುಂಬ ಹೊತ್ತು ಅವನು ಟವೆಲು ಸರಿಸಲಿಲ್ಲ, ಅದರ ಮೇಲೆ ಕೈ ಇಟ್ಟುಕೊಂಡಿದ್ದ.

"ಅಂದ್ಬಿಡು ಅಕ್ಕಾ," ಎಂದ ಕೊನೆಗೆ.

"ಏನು?"

"ಅವತ್ತು ಮೆಟ್ಟಿಲ ಮೇಲೆ ನಾನು ಅಂದೆನಲ್ಲ, ಅದನ್ನೇ. ಸರಿಯಾಗಿ ನೋಡ್ಕೊಂಡಿದ್ರೆ ಅಂತ. ಇವತ್ತು ನಂಗೆ ಅಂದ್ಬಿಡು. ಎರಡು ದಿನ ಎದುರಿಗೇ ಇದ್ದೆ. ಅದು ಕೂತ್ಕೊಳ್ಳೋದು ನೋಡಿದೆ, ಕೂಗೋದು ಕೇಳಿದೆ. ಲೆಕ್ಕ ಹಾಕಿ ಬರೆದೆನೇ ಹೊರತು, ಹತ್ರ ಹೋಗಿ ಬರ್ತಾ ಇದ್ಯಾ ಇಲ್ವಾ ಅಂತ ಬಗ್ಗಿ ನೋಡ್ಲಿಲ್ಲ."

ಆ ಮಾತನ್ನು ಆರು ವರ್ಷದಿಂದ ಅಕ್ಕ ಮಸೆದು ಇಟ್ಟುಕೊಂಡಿದ್ದಳು. ಒಂದಲ್ಲ ಒಂದು ದಿನ ಅವನಿಗೆ ವಾಪಸ್ ಕೊಡುತ್ತೇನೆ ಎಂದು ಎಷ್ಟು ರಾತ್ರಿ ಹಲ್ಲು ಕಚ್ಚಿ ಮಲಗಿದ್ದಳು! ಈಗ ಅವನೇ ಕೈಚಾಚಿ ಕೇಳುತ್ತಿದ್ದಾನೆ, ಇವಳಿಗೆ ಅದು ನಾಲಿಗೆಗೆ ಬರಲಿಲ್ಲ.

"ಟ್ರೇ ಒಣಗಿತ್ತು," ಎಂದಳು. "ಎರಡು ದಿನಾನೂ ಒಣಗಿತ್ತು. ನಾನು ನೀನು ತೊಳೆದೆ ಅಂದ್ಕೊಂಡೆ."

"ನಾನ್ಯಾವತ್ತು ತೊಳೆದಿದ್ದೀನಿ ಅಕ್ಕಾ?"

"ಅದಕ್ಕೇ ಸಂತೋಷ ಅಂತ ಬರೆದೆ."

ತಮ್ಮ ಅವಳ ಮುಖವನ್ನೇ ನೋಡಿದ. ಅವನ ಕೈ ತಾನಾಗಿ ಎದೆಯ ಗುಂಡಿಗೆ ಹೋಯಿತು. "ಇದು?"

"ಇದೂ ಅದಕ್ಕೇ."

ಅವನು ಅಳಲು ಶುರುಮಾಡಿದ. ನಲವತ್ತೆಂಟು ವರ್ಷದ ಗಂಡಸು, ಕೆಲಸದ ಜಾಗ, ನಾಲ್ಕು ಜನ ನೋಡುತ್ತಿದ್ದಾರೆ ಎಂಬುದೂ ಇಲ್ಲದೆ ಅಳುತ್ತಿದ್ದ. "ನಿನ್ನೆ ಬಂದು ಅಂಗಿ ನೋಡಿದೆ," ಎಂದ ಅಳುವಿನ ನಡುವೆ. "ಅಕ್ಕಂಗೆ ಸಿಟ್ಟು ಇಳೀತು ಅಂತ ನಿದ್ದೇನೇ ಬರ್ಲಿಲ್ಲ. ಬೆಳಿಗ್ಗೆ ಬೇಗ ಎದ್ದು ಮಾತಾಡಿಸೋಣ ಅಂದ್ಕೊಂಡೆ. ಗುಮಾಸ್ತನ ವಿಷಯಾನೂ ಕೇಳೋಣ ಅಂದ್ಕೊಂಡೆ. ಬೆಳಗಿನ ಜಾವ ಕಣ್ಣು ಹತ್ತಿಬಿಡ್ತು. ಎದ್ದಾಗ ನೀನಿರ್ಲಿಲ್ಲ."

ಅಕ್ಕ ಹಿಟ್ಟಿನ ಚೀಲದ ಮೇಲೆ ಅವನ ಪಕ್ಕದಲ್ಲಿ ಕೂತಳು. ಅವಳಿಗೂ ಆಗ ಅಳು ಬಂತು.

ಓವನನ್ನು ಹಿಟ್ಟು ಕಲಸುವವನಿಗೆ ಒಪ್ಪಿಸಿ ತಮ್ಮ ಅವಳ ಜೊತೆ ಹೊರಟ. ಕಾಲುವೆ ಬದಿಯ ಖಾಲಿ ಜಾಗದಲ್ಲಿ, ಬೇಕರಿಯ ಸಲಿಕೆಯಿಂದಲೇ ಗುಂಡಿ ತೋಡಿ, ಟವೆಲಿನ ಸಮೇತ ಗುಮಾಸ್ತನನ್ನು ಮಲಗಿಸಿದರು. ಮಣ್ಣು ಎಳೆಯುವಾಗ ಅಕ್ಕ, "ಮೆಲ್ಲಗೆ ಹಾಕೋ" ಎಂದಳು. ತಮ್ಮ, "ಹೂಂ" ಎಂದ. ಮನೆಯ ತನಕ ಅಷ್ಟೇ ಮಾತು.

ಮನೆಯಲ್ಲಿ ಅಕ್ಕ ಅಡುಗೆಮನೆಯ ದೀಪ ಹಾಕಿದಳು. ತಮ್ಮ ಸೀದಾ ಬಚ್ಚಲಿಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಅವಳು ಹೋಗಿ ನೋಡಿದರೆ, ಅವನು ಮಂಡಿಯೂರಿ ಕೂತು, ಮರಳನ್ನೆಲ್ಲ ಒಂದು ಚೀಲಕ್ಕೆ ಸುರಿದು, ಟ್ರೇಯನ್ನು ಬ್ರಶ್ಶು ಹಾಕಿ ತಿಕ್ಕುತ್ತಿದ್ದ. ಮೂಲೆಮೂಲೆಗೂ ಸೋಪು ಹಚ್ಚಿ ತಿಕ್ಕುತ್ತಿದ್ದ.

"ಬಿಡೋ," ಎಂದಳು ಅಕ್ಕ. "ಅದರಲ್ಲಿ ಏನೂ ಇಲ್ಲ."

"ಗೊತ್ತು," ಎಂದ ತಮ್ಮ, ತೊಳೆಯುವುದನ್ನು ನಿಲ್ಲಿಸದೆ.